ಒಂದೇ ಕಡೆಯ ಹಿಡಿಕೆ

"ಈ ಗೋಡೆ ಹಿಂದೆ ನಮ್ಮ ತುರ್ತು ಬಾಗಿಲಿದೆ ಅಲ್ವಾ?"

ವಸ್ತುಪ್ರದರ್ಶನದ ಸುರಕ್ಷತೆ ನೋಡಿಕೊಳ್ಳುವ ಹೆಂಗಸು ಕೇಳಿದ್ದು ಅವನನ್ನು. ಉತ್ತರ ಕೊಟ್ಟವನು ಭಾವ, ಹೆಂಡತಿಯ ಅಣ್ಣ, ಮಳಿಗೆಯ ಮಾಲೀಕ.

"ಬಾಗಿಲು ಮಾರೋರು ನಾವು ಮೇಡಂ. ದಾರಿ ಬಿಡದೆ ಇರ್ತೀವಾ?"

ಆಕೆ ನಗಲಿಲ್ಲ. ಅವನ ಎದೆಯ ಮೇಲಿನ ಬಿಲ್ಲೆ ನೋಡಿದಳು. 'ಸುರಕ್ಷತಾ ಹೊಣೆಗಾರ.' ಪ್ರತಿ ಮಳಿಗೆಯೂ ಒಬ್ಬರನ್ನು ನೇಮಿಸಬೇಕೆಂದು ನಿಯಮ ಬಂದಾಗ ಭಾವ ಬೇರೆ ಯಾರನ್ನೂ ಯೋಚಿಸಿರಲಿಲ್ಲ.

"ನೀವು ಹೇಳಿ. ದಾರಿ ಖಾಲಿ ಇದೆಯಾ?"

ಇರಲಿಲ್ಲ. ತುರ್ತು ಬಾಗಿಲಿಗೆ ಅಡ್ಡಲಾಗಿ ಕರಪತ್ರಗಳ ರಟ್ಟಿನ ಪೆಟ್ಟಿಗೆಗಳನ್ನು ಸೂರಿನವರೆಗೆ ಪೇರಿಸಿದ್ದರು, ಅವನ ಕಣ್ಣೆದುರೇ. ಅವನು ಬಾಯಿ ತೆರೆದ. ಭಾವ ಗಂಟಲು ಸರಿಮಾಡಿಕೊಂಡ, ಅಷ್ಟೇ.

"ಇದೆ ಮೇಡಂ."

"ನಿಮ್ಮ ಮಾತು ನಂಬ್ಕೊಂಡು ಹೋಗ್ತಿದೀನಿ."

"ಹಾಂ."

ಆಕೆ ಹೋದ ಮೇಲೆ ಭಾವ ಅವನ ಬೆನ್ನು ತಟ್ಟಿದ. "ಪರವಾಗಿಲ್ಲ ಮೇಷ್ಟ್ರೇ, ಬಾಯಿ ಬರುತ್ತೆ ನಿಮಗೂ."

ಎಂಜಿನಿಯರಿಂಗ್ ಕಾಲೇಜು ಬಾಗಿಲು ಹಾಕಿದ ಮೇಲೆ ಅವನು ಯಾರಿಗೂ ಮೇಷ್ಟ್ರಲ್ಲ. ಹೆಂಡತಿ ಅಣ್ಣನ ಹತ್ತಿರ ಒಂದು ಮಾತು ಹಾಕಿದಳು, ಕೆಲಸ ಸಿಕ್ಕಿತು. ಹೆಸರು ಮಾತ್ರ ಉಳಿಯಿತು. ಭಾವ ಹಾಗೆ ಗೌರವದಿಂದಲೇ ಕರೆಯುತ್ತಿದ್ದ. ಚುಚ್ಚುತ್ತಿದ್ದುದೂ ಆ ಗೌರವವೇ.

ಮಳಿಗೆಯ ಹೆಮ್ಮೆ, ಸದ್ದು ದಾಟಗೊಡದ ಬಾಗಿಲು. ಅದರ ಹಿಂದೆ, ತುರ್ತು ಬಾಗಿಲಿದ್ದ ಸಭಾಂಗಣದ ಗೋಡೆಗೇ ಅಂಟಿಸಿ, ಒಂದು ಪುಟ್ಟ ಕೋಣೆ ಕಟ್ಟಿದ್ದರು. ಗೋಡೆಗೂ ಸೂರಿಗೂ ದಪ್ಪ ಸ್ಪಂಜು. ಗಿರಾಕಿಗಳು ಸೇರಿದಾಗ ಅವನು ಒಳಗೆ ಹೋಗಿ ಕೂಗಬೇಕು. ಹೊರಗಿನವರು ಕಿವಿಯಿಟ್ಟು, ಏನೂ ಕೇಳಿಸದೆ ಚಪ್ಪಾಳೆ ತಟ್ಟಬೇಕು. ಆಮೇಲೆ ಭಾವ ಬಾಗಿಲು ತೆರೆಯಬೇಕು.

ಮೊದಲು ಅವನು ಹಲೋ ಹಲೋ ಎಂದು ಕೂಗಿದ. ಆಮೇಲೆ ಹಳೆಯ ಪಾಠಗಳನ್ನು. ನಿನ್ನೆ ಸಂಜೆಯ ಹೊತ್ತಿಗೆ ಭಾವನನ್ನು ಹಿಗ್ಗಾಮುಗ್ಗಾ ಬೈಯತೊಡಗಿದ್ದ. ಮುಖ ಒರೆಸಿಕೊಂಡು, ನಗುತ್ತ ಹೊರಗೆ ಬರುತ್ತಿದ್ದ. ಅವನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದ ಜಾಗ ಈಗ ಅದೊಂದೇ. ಅದು ನೆನಪಾದಾಗ ಅವನಿಗೆ ನಾಚಿಕೆಯಾಗುತ್ತಿತ್ತು.

ಬಾಗಿಲಿಗೆ ಹೊರಗಡೆ ಮಿರಿಮಿರಿ ಹಿತ್ತಾಳೆಯ ಹಿಡಿಕೆ. ಒಳಗಡೆ ಏನೂ ಇಲ್ಲ. ಪ್ರದರ್ಶನದ ಬಾಗಿಲಿಗೆ ಒಂದೇ ಕಡೆ ಸಾಕು. "ಒಳಗೆ ಯಾರು ನೋಡ್ತಾರೆ ಭಾವ?" ಎಂದು ಸಲಹೆ ಕೊಟ್ಟವನು ಅವನೇ. ಭಾವನಿಗೆ ಖುಷಿಯಾಗಿತ್ತು. ಅವನಿಗೂ.

ಮಧ್ಯಾಹ್ನ ಭಾವ ಊಟಕ್ಕೆ ಹೋದ. ಅವನೂ ಡಬ್ಬಿ ಬಿಚ್ಚಿದ, ಆದರೆ ಆ 'ಇದೆ ಮೇಡಂ' ತಲೆಯಿಂದ ಹೋಗಲಿಲ್ಲ. ಊಟ ಬಿಟ್ಟು ಎದ್ದ. ಬಾಗಿಲು ಮುಚ್ಚಿಕೊಳ್ಳದಂತೆ ಒಂದು ಪೆಟ್ಟಿಗೆಯನ್ನು ಅಡ್ಡ ಇಟ್ಟು ಕೋಣೆಯೊಳಗೆ ಹೋದ. ಉಳಿದವುಗಳನ್ನು ಒಂದೊಂದಾಗಿ ಪಕ್ಕಕ್ಕೆ ಎಳೆದ. ಸುಳ್ಳನ್ನು ನಿಜ ಮಾಡಿಬಿಟ್ಟರೆ ಅದು ಸುಳ್ಳಲ್ಲ ಎಂದುಕೊಂಡ. ಮೈ ಬೆವರಿತು. ಎಷ್ಟೋ ದಿನಗಳ ಮೇಲೆ ಹಗುರವೆನಿಸಿತು.

ಕೊನೆಯ ಸಾಲು ಸರಿಸಿದಾಗ ತುರ್ತು ಬಾಗಿಲು ಕಂಡಿತು. ಅದರ ಮೇಲೆ ಅಡ್ಡಲಾಗಿ ಒಂದು ಮರದ ಪಟ್ಟಿ. ಸ್ಪಂಜು ಹಿಡಿದು ನಿಲ್ಲಲೆಂದು ಬಡಗಿಗಳು ಚೌಕಟ್ಟಿಗೇ ಸ್ಕ್ರೂ ಹೊಡೆದಿದ್ದರು. ಅವನು ಎಳೆದ. ಜಗ್ಗಲಿಲ್ಲ.

ಆಗ ವಾಸನೆ ಬಂತು. ಸುಟ್ಟ ಪ್ಲಾಸ್ಟಿಕ್ಕಿನದು. ಮಳಿಗೆಯ ಅಷ್ಟೂ ದೀಪಗಳ ತಂತಿಗಳನ್ನು ಮೂಲೆಯ ಒಂದೇ ಪ್ಲಗ್ ಬೋರ್ಡಿಗೆ ಚುಚ್ಚಿದ್ದರು. ಅದರ ಮೇಲಿನ ಸ್ಪಂಜು ಕಪ್ಪಗಾಗಿ ತೆಳ್ಳಗೆ ಹೊಗೆಯಾಡುತ್ತಿತ್ತು.

ಅವನು ತಿರುಗಿದ. ಭಾವನ ಬೂಟುಗಾಲು ಅಡ್ಡ ಇಟ್ಟ ಪೆಟ್ಟಿಗೆಯನ್ನು ಒಳಕ್ಕೆ ತಳ್ಳುತ್ತಿತ್ತು.

"ನಮ್ಮ ಮೇಷ್ಟ್ರು ಆಗಲೇ ಒಳಗೆ ರೆಡಿ ಇದಾರೆ, ಈಗ ನೋ—"

ಬಾಗಿಲು ಮುಚ್ಚಿತು, ಮಾತು ಅರ್ಧಕ್ಕೇ ನಿಂತಿತು. ಬಾಗಿಲು ಬಹಳ ಚೆನ್ನಾಗಿತ್ತು.

"ಭಾವಾ! ಹೊಗೆ! ಬಾಗಿಲು ತೆಗೀರಿ!"

ತಂತಿ ಸುಟ್ಟು ಒಳಗಿನ ದೀಪ ಚಟ್ಟೆಂದು ಆರಿತು. ಕತ್ತಲಲ್ಲಿ ಉಳಿದದ್ದು ಬಾಗಿಲಿನ ಇಣುಕುಕಿಂಡಿಯ ಬೆಳಕಿನ ಚುಕ್ಕಿ ಮಾತ್ರ. ಅವನು ಅದಕ್ಕೆ ಕಣ್ಣಿಟ್ಟ. ಜನ ಪುಟ್ಟಪುಟ್ಟಗೆ, ಡೊಂಕಾಗಿ ಕಂಡರು. ಭಾವ ಕೈಯಾಡಿಸುತ್ತ ವಿವರಿಸುತ್ತಿದ್ದ. ಒಬ್ಬಾತ ಬಾಗಿಲಿಗೆ ಕಿವಿಯಿಟ್ಟು ತಲೆಯಾಡಿಸಿದ. ಅವನು ಎರಡೂ ಮುಷ್ಟಿಗಳಿಂದ ಗುದ್ದಿದ, ಕೆಮ್ಮುತ್ತ ಕಿರುಚಿದ. ಹೊರಗೆ ಚಪ್ಪಾಳೆ. ಅದರ ಸದ್ದು ಅವನಿಗೂ ಕೇಳಿಸಲಿಲ್ಲ.

ಗುಂಪಿನ ಹಿಂದೆ ಆ ಹೆಂಗಸು ಬಂದು ನಿಂತಳು. ಮೂಗರಳಿಸಿದಳು. ಜನರನ್ನು ಸರಿಸಿಕೊಂಡು ಮುಂದೆ ಬಂದು ಏನೋ ಕೇಳಿದಳು. ಭಾವ ನಗುತ್ತ ಏನೋ ಹೇಳಿದ. ಆಕೆ ಬಗ್ಗಿ ಕಿಂಡಿಗೆ ಕಣ್ಣು ಹಚ್ಚಿದಳು.

ಕಣ್ಣಿಗೆ ಕಣ್ಣು. ಆ ಕಡೆಯಿಂದ ಏನೂ ಕಾಣುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಗಾಜು ಜೋಡಿಸಿದವನು ಅವನೇ. ಆದರೂ ರೆಪ್ಪೆ ಮಿಟುಕಿಸದೆ ನಿಂತ. ಕೈ ಮಾತ್ರ ರೂಢಿಯಂತೆ ಹಿಡಿಕೆ ಹುಡುಕುತ್ತ, ನುಣ್ಣನೆಯ ಮರವನ್ನು ಮೇಲಿಂದ ಕೆಳಗೆ ಸವರುತ್ತಲೇ ಇತ್ತು.