ಸುಂದರಬಾಯಿಯ ರಾಗ

"ಊರ ಮಂದಿಗೆಲ್ಲಾ ಹಾಡೀದಿ. ಹಡದಾಕಿಗಿ ಬಾಯಿ ಬರವಲ್ದೇನು ಬೇ?"

ಸೋದರತ್ತೆ ಶರಣಬಸಮ್ಮ ಮೆಲ್ಲಗೆ ಕೇಳಿದರೂ ಪಡಸಾಲೆಯಲ್ಲಿ ಕುಳಿತ ಹೆಂಗಸರಿಗೆಲ್ಲ ಕೇಳಿಸಿತು. ಮಧುಮತಿ ತಲೆಯೆತ್ತಲಿಲ್ಲ. ಎದುರಿಗೆ ಚಾಪೆಯ ಮೇಲೆ ತಾಯಿ ಸುಂದರಬಾಯಿಯ ಹೆಣ. ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು. ಕರಜಗಿಯ ಆ ಓಣಿಯಲ್ಲಿ ಹಿರಿಮಗಳು ಹಾಡ್ಯಾಡಿ ಅಳದೆ ಹೆಣ ಎತ್ತುವುದಿಲ್ಲ. ಸತ್ತವರ ಬಾಳನ್ನು ರಾಗದಲ್ಲಿ ಹೇಳಿಕೊಂಡು ಅತ್ತರೇ ಅವರನ್ನು ಕಳುಹಿಸಿಕೊಟ್ಟಂತೆ.

ರಾಗ ಅವಳಿಗೆ ಗೊತ್ತಿತ್ತು. ಅದು ತಾಯಿಯದೇ. ಗಂಡ ಸತ್ತಾಗ ಸುಂದರಬಾಯಿ ಆ ರಾಗದಲ್ಲಿ ಅತ್ತದ್ದನ್ನು ಮಧುಮತಿಯ ಚಿಕ್ಕಪ್ಪನ ಮಗ ಅಜಯಕುಮಾರ ಕೇಳಿದ್ದ. ಅಫಜಲಪುರದಲ್ಲಿ ಹಾಡು ರೆಕಾರ್ಡ್ ಮಾಡುವವನು ಅವನು. ಕೆಲವು ತಿಂಗಳ ಮೇಲೆ ಬಂದು, ಆ ರಾಗ ತನಗೆ ಬೇಕೆಂದ. ಸತ್ತ ಮನೆಯದು ಸತ್ತ ಮನೆಯಲ್ಲೇ ಇರಲಿ ಎಂದಳು ಸುಂದರಬಾಯಿ. ಮಧುಮತಿ ಕೇಳಲಿಲ್ಲ. ಗೋಡೆಗೆ ಕಂಬಳಿ ಬಡಿದ ಕೋಣೆಯಲ್ಲಿ, ಫ್ಯಾನ್ ಕೂಡ ನಿಲ್ಲಿಸಿ, ಬೆವರುತ್ತ, ಅಜಯ ಬರೆದ ಮಾತುಗಳನ್ನು ಆ ರಾಗಕ್ಕೆ ಕೂಡಿಸಿ ಹಾಡಿದಳು. ಬಿಟ್ಟುಹೋದ ಹುಡುಗನಿಗೆ ಹುಡುಗಿಯೊಬ್ಬಳು ಹೇಳಿಕೊಳ್ಳುವ ಮಾತು.

ಹಾಡು ಎಲ್ಲ ಕಡೆ ಹಬ್ಬಿತು. ಆಳಂದದ ಬಸ್ಸಿನಲ್ಲಿ, ಜೇವರ್ಗಿಯ ಮದುವೆಗಳಲ್ಲಿ, ಕಬ್ಬು ಹೇರಿದ ಟ್ರ್ಯಾಕ್ಟರುಗಳಲ್ಲಿ ಅದೇ ಹಾಡು. ಯಡ್ರಾಮಿಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಮಧುಮತಿಯ ಕೈ ಹಿಡಿದುಕೊಂಡು, ಗಂಡ ಬಿಟ್ಟ ವರ್ಷ ಆ ಹಾಡೇ ತನ್ನನ್ನು ಉಳಿಸಿತು ಎಂದಿದ್ದಳು. ಸುಂದರಬಾಯಿ ಮಾತ್ರ, ಅದು ಎಲ್ಲಿಂದಾದರೂ ಕೇಳಿಬಂದರೆ, ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಆಮೇಲೆ ಅವಳು ಯಾವ ಸಾವಿನ ಮನೆಯಲ್ಲೂ ಹಾಡ್ಯಾಡಿ ಅಳಲಿಲ್ಲ.

"ನನ್ನವ್ವಾ..." ಮಧುಮತಿ ತೊಡಗಿದಳು. ರಾಗ ತಾನಾಗಿ ಬಂತು. ಎರಡನೆಯ ಸಾಲಿಗೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ, ಹಿಂದೆ ಕುಳಿತಿದ್ದ ಇಬ್ಬರು ಹುಡುಗಿಯರು ಅರಿವಿಲ್ಲದೆ ಸಿನಿಮಾ ಹಾಡಿಗೆ ದನಿಗೂಡಿಸಿದಂತೆ ಮುಂದಿನ ಸಾಲು ಎತ್ತಿಕೊಂಡರು. ತಕ್ಷಣ ಒಬ್ಬಳು ವೇಲಿನಿಂದ ಬಾಯಿ ಮುಚ್ಚಿಕೊಂಡಳು. ಯಾರೂ ನಗಲಿಲ್ಲ. ಮಧುಮತಿ ಮತ್ತೆ ತೊಡಗಿದಳು. ಈ ಸಲ ಅವಳ ಬಾಯಿಗೇ ಅಜಯ ಬರೆದ ಮಾತು ಬಂತು. ನಿಲ್ಲಿಸಿಬಿಟ್ಟಳು.

ಬಾಗಿಲಲ್ಲಿ ನಿಂತಿದ್ದ ಅಜಯಕುಮಾರ ತಲೆ ತಗ್ಗಿಸಿ ಹೊರಗೆ ಹೋದ.

ಪಕ್ಕದ ಮನೆಯ ಮೆಹರಾಜಬೇಗಂ ಹತ್ತಿರ ಸರಿದು ಅವಳ ಬೆನ್ನ ಮೇಲೆ ಕೈಯಿಟ್ಟಳು. "ಹಾಡಬ್ಯಾಡ ಬೇಟಿ. ದಿನಾ ಹ್ಯಾಂಗ ಮಾತಾಡ್ತಿದ್ದಿ, ಹಂಗೇ ಮಾತಾಡು. ಆಕಿಗಿ ತಿಳೀತದ."

ಮಧುಮತಿ ತಾಯಿಯ ತಲೆಯ ಹತ್ತಿರ ಸರಿದು ಕುಳಿತಳು.

"ಅವ್ವಾ, ಮುಂಜಾನಿ ಚಾ ಇಟ್ಟಿದ್ದೆ. ಕುಡೀಲಿಲ್ಲ ನೀ," ಎಂದಳು. "ಹಲ್ಲು ನೋಯ್ತದಂದಿದ್ದಿ. ನಾಳಿಗಿ ತೋರಸೋಣಂದೆ." ದನಿ ಏರಲಿಲ್ಲ, ಇಳಿಯಲಿಲ್ಲ. "ನಿನ್ನ ರಾಗ ನಾ ಕೊಟ್ಟಬಿಟ್ಟೆ. ನೀ ಬ್ಯಾಡಂದಿದ್ದಿ. ಒಂದ್ ಸಲನೂ ಬೈಲಿಲ್ಲಲ್ಲ ಯಾಕ?"

ಇದು ಅಳುವ ರೀತಿಯಲ್ಲ ಎನ್ನಲು ಶರಣಬಸಮ್ಮ ಬಾಯಿ ತೆರೆದಳು. ಆದರೆ ಅಷ್ಟರಲ್ಲಿ ಮಧುಮತಿ, ತಾಯಿ ತೊಗರಿ ಹೊಲದಲ್ಲಿ ಹಾವು ಕಂಡು ಓಡಿದ್ದನ್ನು ಹೇಳುತ್ತಿದ್ದಳು.

"ಹಾವಲ್ಲ ಅದು, ಹಗ್ಗ," ಎಂದಳು ಶರಣಬಸಮ್ಮ. "ನಾ ಇದ್ದೆ ಅಲ್ಲಿ."

ಮಧುಮತಿ ತಾಯಿಯ ಹಣೆಯ ಮೇಲಿನ ಕೂದಲು ಸರಿಸುತ್ತ, ಹಗ್ಗವೇ ಇರಬಹುದು ಎಂದು ಒಪ್ಪಿ, ಮುಂದಿನದನ್ನು ಹೇಳಿದಳು. ಅಂಗಳದಲ್ಲಿ ಹೊರಲು ನಿಂತಿದ್ದ ಗಂಡಸರು ಒಳಗಿನ ಮಾತು ಕೇಳುತ್ತ ಒಬ್ಬೊಬ್ಬರಾಗಿ ಬಿಸಿಲಲ್ಲೇ ನೆಲಕ್ಕೆ ಕುಳಿತರು.