ಬಾಡಿಗೆ ಅತ್ತೆ

ಅಳವಂಡಿಯ ಅನ್ನಪೂರ್ಣಳಿಗೆ ಮದುವೆ ದಲ್ಲಾಳಿ ಯಂಕೇಶ ತಂದ ಸಂಬಂಧದಲ್ಲಿ ಹುಡುಕಿದರೂ ಕೊರತೆ ಸಿಗುವಂತಿರಲಿಲ್ಲ. ವರದಕ್ಷಿಣೆ ಬೇಡ, ಮದುವೆಯ ಖರ್ಚು ಗಂಡಿನದು, ಬಂಗಾರವೂ ಗಂಡಿನದೇ. ಗಂಡು ಮಾತ್ರ ಉತ್ತರದ ಕಡೆಯವನು. ಶುಕ್ರವಾರ ತಾಳಿ, ಶನಿವಾರ ರೈಲು. ಗಂಡ ತೀರಿಕೊಂಡ ಮೇಲೆ ಕಂಡವರ ಹೊಲದಲ್ಲಿ ಕಳೆ ತೆಗೆದು ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ತಾಯಿ ಅಮರಮ್ಮನಿಗೆ ದೇವರೇ ಬೈಕ್ ಹತ್ತಿ ಬಂದಂತಾಯಿತು.

ಇಷ್ಟೊಂದು ಔದಾರ್ಯ ಏಕೆಂದು ಬಂಧುಗಳಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದು ಒಂದೇ.

“ಮನಿ ನೋಡಾಕ ಯಾವತ್ತ ಬರೂಣು?”

ಯಂಕೇಶ ಬೆವೆತ. “ಯಕ್ಕಾ, ರೈಲಿನ್ಯಾಗ ಎರಡು ದಿನದ ದಾರಿ ಐತಿ.”

“ಇರಲಿ ತಗೋ. ನಾವು ಇಪ್ಪತ್ತಾರು ಮಂದಿ ಆಗ್ತೀವಿ, ಟಿಕೀಟು ತಗಸು,” ಎಂದಳು ಅಮರಮ್ಮ. “ಮನಿ ನೋಡದ ಹೆಣ್ಣು ಕೊಟ್ರ ಮಂದಿ ಏನಂದಾರು?”

ಹೆಣ್ಣನ್ನು ಯಾರಿಗಾದರೂ ಕೊಡಬಹುದು. ಮನೆ ನೋಡದೆ ಕೊಡುವಂತಿಲ್ಲ. ಕ್ರೂಸರ್ ಗಾಡಿ ತುಂಬ ಹೋಗಬೇಕು, ಉಪ್ಪಿಟ್ಟು ತಿನ್ನಬೇಕು, ದನ ಎಣಿಸಬೇಕು, ನೀರಿನ ಕೊಡದ ಮುಚ್ಚಳವನ್ನಾದರೂ ಎತ್ತಿ ನೋಡಬೇಕು.

“ಗಂಗಾವತಿಯಾಗೂ ಅವರದೊಂದು ಮನಿ ಐತಿ,” ಎಂದುಬಿಟ್ಟ ಯಂಕೇಶ.

ಇಲ್ಲದ ಮನೆಯನ್ನು ನಾಲ್ಕೇ ದಿನದಲ್ಲಿ ಎಬ್ಬಿಸಿದ. ಮನೆ ಬಾಡಿಗೆಯದು, ಎಮ್ಮೆ ಬಾಡಿಗೆಯದು. ಮನೆ ನೋಡುವ ದಿನ ಬೆಳಿಗ್ಗೆ ಎಂಟಕ್ಕೆ, ಕೂಲಿಯವರು ನಿಲ್ಲುವ ಸರ್ಕಲ್ಲಿನಿಂದ ಒಬ್ಬ ತಾಯಿಯನ್ನೂ ತಂದ. ಹೆಸರು ಹುಲಿಗವ್ವ. ಕೈಯಲ್ಲಿ ಕುಡುಗೋಲು ಹಿಡಿದೇ ಬಂದಿದ್ದಳು.

“ಇವತ್ತು ಕೊಯ್ಯೂದಿಲ್ಲ. ತೆಲಿ ಮ್ಯಾಲ ಸೆರಗು ಹೊತ್ಕೊಂಡು ಕುಂದ್ರು. ಅಲ್ಲಿ ಕುಂತಾನಲ್ಲ ಗಂಡು, ಅಂವ ನಿನ್ನ ಮಗ.”

ಹುಲಿಗವ್ವ ಮಗನನ್ನು ನೋಡಿದಳು. ಮಗ ಅವಳಿಗಿಂತ ನಾಲ್ಕೈದು ವರ್ಷಕ್ಕಷ್ಟೇ ಚಿಕ್ಕವನು. ಬಾಣಂತನ ನೆನಪಾಗಲಿಲ್ಲ, ಆದರೂ ಹೂಂ ಎಂದಳು.

ಅನ್ನಪೂರ್ಣಳನ್ನೂ ಕರೆದುಕೊಂಡು ಇಪ್ಪತ್ತಾರು ಮಂದಿ ಬಂದಿಳಿದರು. ಅಮರಮ್ಮನ ಅಣ್ಣ ಪಕ್ಕೀರಪ್ಪನೇ ತಪಾಸಣೆಯ ಮುಖಂಡ. ಮೂಲೆಯ ಅಕ್ಕಿ ಚೀಲಕ್ಕೆ ಬೆರಳು ತೂರಿಸಿದ, ಹೊಟ್ಟು ಉದುರಿತು.

“ಎಮ್ಮಿಗೆ ಬೇಕಲ್ಲ. ಮುಂದಿನ ವಿಚಾರ ಮಾಡೂ ಮಂದಿ,” ಎಂದ.

ಟಿವಿಗೆ ವೈರೇ ಇರಲಿಲ್ಲ. “ಕರೆಂಟ್ ಉಳಸ್ತಾರ.”

ಗಂಡಿಗೆ ಕನ್ನಡ ಬಾರದು, ತಾಯಿಗೆ ಹಿಂದಿ ಬಾರದು; ತಾಯಿ ಮಗನ ನಡುವೆ ಯಂಕೇಶ ದುಭಾಷಿ. “ಇವರು ಜಗಳ ಆಡೂದು ಹೆಂಗ ಸಾಧ್ಯ? ನಮ್ಮ ಹುಡುಗಿ ಪುಣ್ಯಾ,” ಎಂದು ಪಕ್ಕೀರಪ್ಪ ತಂಗಿಯ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದ.

ಉಪ್ಪಿಟ್ಟಾಯಿತು. ಅತ್ತೆಯಾದವಳು ನಾಲ್ಕು ಮಾತು ಕೇಳದಿದ್ದರೆ ಹೇಗೆ? ಹುಲಿಗವ್ವ ಅನ್ನಪೂರ್ಣಳನ್ನು ಎದುರಿಗೆ ಕೂರಿಸಿಕೊಂಡಳು.

“ನಿಮ್ಮಪ್ಪ ಏನ್ ಮಾಡ್ತಾನವ್ವ?”

“ತೀರಿಕೊಂಡಾನ್ರಿ.”

“ಅಣ್ಣ ತಮ್ಮ?”

“ಇಲ್ರಿ.”

“ನೀ ಹೋಗೂ ಊರಾಗ ನಿಮ್ಮವರು ಯಾರರ ಅದಾರೇನು?”

“ಯಾರೂ ಇಲ್ರಿ.”

“ಅಲ್ಲಿ ಮಾತು ಬರತೈತಿ?”

“ಬರಂಗಿಲ್ರಿ.”

“ಫೋನರ ಐತಿಲ್ಲೋ?”

“ಯಂಕೇಶಣ್ಣ ಇಸಗೊಂಡಾನ್ರಿ, ಸಿಮ್ ಬದಲ ಮಾಡಿ ಕೊಡ್ತಾನಂತ. ಆಧಾರ್ ಕಾರ್ಡೂ ಅವನ ಕಡೇನ ಐತಿ.”

ಒಂದೊಂದು ‘ಇಲ್ಲ’ಕ್ಕೂ ಯಂಕೇಶನ ಮುಖ ಅರಳುತ್ತಿತ್ತು. ಮೊದಲ ದಿನ ಅವನೂ ಇವೇ ಪ್ರಶ್ನೆ ಕೇಳಿ, ಇವೇ ಉತ್ತರಗಳಿಗೆ ಪೂರ್ತಿ ಅಂಕ ಕೊಟ್ಟಿದ್ದ.

ಹುಲಿಗವ್ವ ಎದ್ದು ನಿಂತಳು. “ನಾ ಒಲ್ಲೆ. ನನ್ನ ಮಗಗ ಈ ಹುಡುಗಿ ಬ್ಯಾಡ.”

ಇಪ್ಪತ್ತಾರು ಮಂದಿಯೂ ಒಟ್ಟಿಗೆ ಎದ್ದರು. “ನಮ್ಮ ಹುಡುಗಿಗೆ ಏನ್ ಕಡಿಮಿ ಆಗೇತಿ?” ಎಂದು ಪಕ್ಕೀರಪ್ಪ ಧೋತರ ಮೇಲೆ ಕಟ್ಟಿದ.

“ಕರದ್ರ ಓಡಿ ಬರಾಕ ಒಬ್ಬರಿಲ್ಲ, ಕರಿಯಾಕ ಫೋನಿಲ್ಲ. ಇಂಥಾಕೀನ ನಾ ಒಲ್ಲೆ ಅಂದ್ರ ಒಲ್ಲೆ!”

ಯಂಕೇಶನಿಗೆ ತಡೆಯಲಾಗಲಿಲ್ಲ. “ಒಲ್ಲೆ ಅನ್ನಾಕ ನೀ ಯಾರ?”

“ಹಡದಾಕಿ!”

“ಎಲ್ಲಿ ಹಡದೀಯಬೇ? ಮುಂಜಾನಿ ಎಂಟಕ್ಕ ಸರ್ಕಲ್‌ನ್ಯಾಗ ಕೂಲಿಗೆ ಹಿಡಕೊಂಡು ಬಂದೀನಿ ನಿನ್ನ!”

ಎಮ್ಮೆ ಕೂಡ ಮೆಲುಕು ನಿಲ್ಲಿಸಿತು. ಎಲ್ಲರೂ ಪಕ್ಕೀರಪ್ಪನತ್ತ ನೋಡಿದರು. ಅವನು ಯೋಚಿಸಿ, “ಹೋಗ್ಲಿ ಬಿಡ್ರಿ,” ಎಂದ, “ತಾಯಿ ಸುಳ್ಳಾದ್ರೇನಾತು, ಗಂಡು ಖರೇ ಅದಾನಲ್ಲ?”

ಅನ್ನಪೂರ್ಣ ಎದ್ದು ಗಂಡಿನ ಮುಂದೆ ನಿಂತಳು. ತನ್ನ ಎದೆಗೇ ಬೆರಳು ತೋರಿಸಿ, “ಮೇರಾ ನಾಮ್?” ಎಂದಳು. ಅವಳ ಹಿಂದಿ ಅಷ್ಟೇ.

ಗಂಡು ಯಂಕೇಶನ ಮುಖ ನೋಡಿದ. “ಪೂಜಾ?” ಎಂದ, ಸರಿಯಿದೆಯೇ ಎಂಬಂತೆ.

ಇದಕ್ಕೆ ಪಕ್ಕೀರಪ್ಪನಿಗೂ ಸಮಜಾಯಿಷಿ ಹೊಳೆಯಲಿಲ್ಲ. ಅಮರಮ್ಮ ಹೋಗಿ ಯಂಕೇಶನ ಕೊರಳಪಟ್ಟಿ ಹಿಡಿದಳು. ಉಳಿದವರು ಬಾಗಿಲಲ್ಲಿ ಸಾಲಾಗಿ ಕೂತರು. ಆಧಾರ್ ಕಾರ್ಡು ಅವನ ಕಿಸೆಯಿಂದಲೇ ಬಂತು, ಜತೆಗೆ ಬೇರೆ ಹುಡುಗಿಯರ ಮೂರು ಕಾರ್ಡುಗಳು.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದ ಪೊಲೀಸರು ಹುಲಿಗವ್ವನನ್ನು ಕೇಳಿದರು: “ಹುಡುಗಿಗೆ ನೀವೇನಾಗಬೇಕು?”

“ಇವತ್ತೊಂದು ದಿನ ಅತ್ತಿ ಆಗಬೇಕ್ರಿ.”

ಬರೆಯುತ್ತಿದ್ದ ಪೊಲೀಸರು ನಕ್ಕರು.

“ನಗಬ್ಯಾಡ್ರಿ ಸಾಹೇಬ್ರ. ಇದು ಮುಗದ ಮ್ಯಾಲ ಇನ್ನೊಂದು ಹಾಳಿ ತಗೋರಿ. ನನ್ನ ತಂಗಿ. ದುರುಗವ್ವ ಅಂತ. ಆರು ವರ್ಷ ಆತು, ಹಿಂಗ ಲಗ್ನ ಮಾಡಿ ಕರಕೊಂಡು ಹೋಗ್ಯಾರ. ಎಡಗೈ ಮ್ಯಾಲ ಅವ್ವನ ಹೆಸರಿನ ಹಚ್ಚಿಬಟ್ಟು ಐತಿ. ಅದನ್ನ ಮೊದಲ ಬರಕೋರಿ.”