ಗುಂಡಿ ಮುಚ್ಚಿಸಿದ ಸುದ್ದಿ

ನನ್ನ ಬಾಯಿ ಸುಮ್ಮನಿರುವುದಿಲ್ಲ. ಇದು ನಾರಾಯಣಪೇಟೆಯ ನಮ್ಮ ಓಣಿಗೆಲ್ಲ ಗೊತ್ತು, ಗದ್ವಾಲದಲ್ಲಿರುವ ಗಂಗಾಂಬಿಕಾಗೆ ಇನ್ನೂ ಚೆನ್ನಾಗಿ ಗೊತ್ತು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಮಧ್ಯಾಹ್ನದ ಊಟ ಮುಗಿಸಿ ಒಬ್ಬರಿಗೊಬ್ಬರು ವಾಯ್ಸ್ ಮೆಸೇಜ್ ಹಾಕದಿದ್ದರೆ ಇಬ್ಬರಿಗೂ ಉಂಡದ್ದು ಕರಗುವುದಿಲ್ಲ. ಅವಳ ಹೀರೆಬಳ್ಳಿಗೆ ಹುಳ ಬಿತ್ತು, ನನ್ನ ಅವರೆ ಹೂಬಿಟ್ಟಿತು, ಅವಳ ಅಡುಗೆಮನೆಗೆ ಗ್ರಾನೈಟ್ ಬಂತು, ನಮ್ಮ ಮಾಳಿಗೆ ಸೋರುವುದು ನಿಂತಿತು. ಇಷ್ಟೇ ನಮ್ಮ ಸುದ್ದಿ.

ಗ್ರಾನೈಟ್ ತನಕ ನಾನು ತಡೆದುಕೊಂಡೆ. ಹೋದ ತಿಂಗಳು ಅವಳು ಪಡಸಾಲೆಗೆ ಹಾಕಿಸಿದ ಹೊಸ ಟೈಲ್ಸಿನ ಫೋಟೋ ಕಳಿಸಿದಳು ನೋಡಿ, ಅವತ್ತು ಹೊಟ್ಟೆಯೊಳಗೆ ಉರಿ ಹತ್ತಿತು. ಸುಳ್ಳು ಯಾಕೆ ಹೇಳಲಿ? ನಮ್ಮ ಪಡಸಾಲೆಯಲ್ಲಿ ಏನಿತ್ತು? ಒಡೆದ ಶಹಾಬಾದ್ ಬಂಡೆ, ನಡುವೆ ಅತ್ತೆಯ ಮಗ್ಗ, ಮಗ್ಗದ ಕೆಳಗೆ ಕಾಲು ಇಳಿಬಿಟ್ಟು ಕೂತು ಕಾಲುಮಣೆ ತುಳಿಯುವ ಗುಂಡಿ. ಬಂದ ನೆಂಟರು ಗೋಡೆ ಹಿಡಿದುಕೊಂಡು ಆಚೆ ದಾಟಬೇಕು.

ಅತ್ತೆ ಸತ್ಯಮ್ಮನವರು ಆ ಗುಂಡಿಯಲ್ಲಿ ಕೂತು ನಲವತ್ತೈದು ವರ್ಷ ಸೀರೆ ನೇಯ್ದವರು. ಅವರು ಸೊಸೆಯಾಗಿ ಬಂದ ವಾರದಲ್ಲೇ ಅವರ ಮಾವ ಇವರ ಮೊಣಕಾಲಿನಿಂದ ಹಿಮ್ಮಡಿಯವರೆಗೆ ದಾರ ಹಿಡಿದು ಅಳೆದು, ಅಷ್ಟೇ ಆಳಕ್ಕೆ ತೋಡಿಸಿದ್ದರಂತೆ. ಒಬ್ಬರ ಗುಂಡಿ ಇನ್ನೊಬ್ಬರಿಗೆ ಆಗುವುದಿಲ್ಲ, ಆಳ ಹೆಚ್ಚುಕಮ್ಮಿಯಾದರೆ ಸೊಂಟ ಬಿದ್ದುಹೋಗುತ್ತದೆ. ನಾನಂತೂ ಅದರೊಳಗೆ ಇಳಿದವಳಲ್ಲ. ಪಕ್ಕದಲ್ಲಿ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಟ್ಟು ಎದ್ದುಹೋಗುತ್ತಿದ್ದೆ.

ಗದ್ವಾಲದಲ್ಲಿ ಅತ್ತೆಯ ತಂಗಿಗೆ ಕಣ್ಣಿನ ಆಪರೇಷನ್ ಆಯಿತು. ಅತ್ತೆ ಒಂದು ಸೀರೆ ಮುಗಿಸಿ, ಮಗ್ಗಕ್ಕೆ ಕೈಮುಗಿದು, ಹದಿನೈದು ದಿನಕ್ಕೆಂದು ಹೊರಟರು. ಗಂಗಿಗೆ ಕೊಡಿರಿ ಎಂದು ಅವರೆ ಬೀಜದ ಪೊಟ್ಟಣವನ್ನು ನಾನೇ ಅವರ ಚೀಲದಲ್ಲಿಟ್ಟೆ. ಬಸ್ಸು ಹೋಯಿತೋ ಇಲ್ಲವೋ, ನನ್ನ ತಲೆಯಲ್ಲಿ ಟೈಲ್ಸ್ ಎದ್ದು ಕೂತವು.

"ಗುಂಡಿ ಮುಚ್ಚಿಸಿ ಟೈಲ್ಸ್ ಹಾಕಿಸಾಕ ಅತ್ತಿಯಾರು ಹೂಂ ಅಂದ್ಹೋಗ್ಯಾರ" ಎಂದೆ ಗಂಡ ನರೇಂದರ್‌ಗೆ.

"ಅವ್ವನ್ನ ಒಂದ್ ಮಾತು ಫೋನ್ ಹಚ್ಚಿ ಕೇಳ್ಲೇನು?"

"ಅವರು ಅಲ್ಲಿ ದವಾಖಾನಿ ತಿರುಗಾಕ ಹತ್ಯಾರ. ಹೇಳಿ ಹೋದದ್ದನ್ನ ಮತ್ತ ಕೇಳಿ ಅವರ ತಲಿ ತಿಂತೀರೇನು?"

ನರೇಂದರ್ ನನ್ನ ಮಾತು ನಂಬಿ ಗೌಂಡಿಗೆ ಹೇಳಿಕಳಿಸಿದರು. ಗೌಂಡಿ ಕಾಳಪ್ಪ ಮಾತ್ರ ಗುಂಡಿಯ ಅಂಚಿನಲ್ಲಿ ನಿಂತು ತಲೆ ಕೆರೆದುಕೊಂಡ. "ಅಮ್ಮಾರ, ಮುಚ್ಚಾಕ ಒಂದ್ ತಾಸು ಸಾಕು. ಆದ್ರ ನಾಳಿ ಬೇಕಂದ್ರ ಟೈಲ್ಸ್ ಒಡೀಬೇಕಾಗ್ತೈತಿ. ಖರೇ ಮುಚ್ಚಲೇನ್ರಿ?"

"ನೀ ಗೌಂಡಿ ಕೆಲಸಕ್ಕ ಬಂದೀಯೋ, ಪಂಚಾಯ್ತಿ ಮಾಡಾಕ ಬಂದೀಯೋ?" ಎಂದು ಅವನ ಮೇಲೆ ಹರಿಹಾಯ್ದೆ. ಅವನು ಹಳೇ ಬಂಡೆಯ ಚೂರು, ಮಣ್ಣು ಎಲ್ಲ ತುಂಬಿ ದಮ್ಮಸು ಮಾಡಿ, ಮೇಲೆ ಟೈಲ್ಸ್ ಕೂರಿಸಿದ. ಮಗ್ಗದ ಕಟ್ಟಿಗೆಗಳನ್ನು ಮಾಳಿಗೆಗೆ ಹೊರಿಸಿ, ಅವುಗಳಿಂದಲೇ ಪೇಂಟಿನ ಡಬ್ಬಿಗಳಲ್ಲಿದ್ದ ನನ್ನ ಅವರೆಬಳ್ಳಿಗೆ ಚಪ್ಪರ ಕಟ್ಟಿದೆ. ಒಂದು ವಾರದಲ್ಲಿ ಬಳ್ಳಿ ಸುತ್ತಿಕೊಂಡು ಏರಿಬಿಟ್ಟಿತು. ಅದರ ಫೋಟೋ, ಟೈಲ್ಸಿನ ಫೋಟೋ ಎರಡನ್ನೂ ಗಂಗಿಗೆ ಕಳಿಸಿ, ಮೇಲೊಂದು ಮೆಸೇಜ್ ಹಾಕಿದೆ.

"ಏ ಗಂಗೀ, ಆ ಹಾಳು ಗುಂಡಿ ಮುಚ್ಚಿಸಿಬಿಟ್ಟೆ ನೋಡ! ಮುದುಕಿ ಬರೋದ್ರಾಗ ಎಲ್ಲಾ ಒಣಗಿರ್ತೈತಿ. ಆಮ್ಯಾಗ ಏನ್ ಮಾಡ್ತಾಳ? ಮಗ್ಗದ ಕಟ್ಟಿಗಿ ಈಗರ ಉಪಯೋಗಕ್ಕ ಬಂದ್ವು, ಅವರಿಕಾಯಿಗೆ!" ಹೇಳಿ ನಾನೇ ನಕ್ಕೆ. ಆ ನಗುವೂ ಅದರಲ್ಲಿ ರೆಕಾರ್ಡ್ ಆಯಿತು.

ತಾಸು ಬಿಟ್ಟು ಉತ್ತರ ಬಂತು.

"ನವನೀ, ನಿನ್ನ ಮೆಸೇಜ್ ಬಂದಾಗ ನಿಮ್ಮತ್ತಿ ಇಲ್ಲೇ ಚಾ ಕುಡ್ಯಾಕ ಹತ್ತಿದ್ರು. ಬೀಜ ಕೊಡಾಕ ಬಂದಿದ್ರು. ಸೊಸಿ ಧ್ವನಿ ಕೇಳ್ರಿ ಅಂತ ನಾನ ಸ್ಪೀಕರ್ ಹಚ್ಚಿದೆ. ನಿನ್ನ ಮಾತು ಕೇಳಿ ನನ್ನ ಜೀವಾನ ಹೋತು! ಆದ್ರ ಅವರು ನಕ್ಕರು. 'ನಾನ ಮುಚ್ಚಿಸಂತ ಹೇಳಿ ಬಂದೀನವ್ವ, ಇನ್ನ ಕಾಲು ನಡ್ಯಂಗಿಲ್ಲ. ನಮ್ಮ ಸೊಸಿ ಹಿಂಗ ಚ್ಯಾಷ್ಟಿ ಮಾಡ್ತಿರ್ತಾಳ' ಅಂದ್ರು. ಎಂಥ ಅತ್ತಿ ಸಿಕ್ಕಾರಲೇ ನಿನಗ! ಪುಣ್ಯ ಮಾಡಿದ್ದಿ."

ಅತ್ತೆಯೇ ಕೇಳಿಬಿಟ್ಟಿದ್ದರು! ಆದರೂ, ಗೆಳತಿಯ ಮುಂದೆ ನನ್ನ ಮಾನ ಉಳಿಯಿತಲ್ಲ ಎಂದು ಅರೆಗಳಿಗೆ ಸಮಾಧಾನವಾಯಿತು. ಆಡಿದ ಮಾತಿಗಿಂತ ಆ ಸಮಾಧಾನಕ್ಕೇ ನನಗೆ ಹೆಚ್ಚು ನಾಚಿಕೆ.

ನಾಲ್ಕು ದಿನ ಕಳೆದು ಅತ್ತೆ ಮಕ್ತಲ್‌ನಲ್ಲಿ ಬಸ್ಸು ಬದಲಿಸಿ ಮನೆಗೆ ಬಂದರು. ಚಪ್ಪಲಿಯನ್ನು ಹೊರಗೇ ಬಿಟ್ಟರು. ಕಾಲು ತೊಳೆದು, ಸೆರಗಿನಿಂದ ಅಂಗಾಲು ಒರೆಸಿಕೊಂಡು ಒಳಗೆ ಕಾಲಿಟ್ಟರು. ಸ್ವಂತ ಮನೆಯಲ್ಲಿ!

"ಚಲೋ ಆಗ್ಯಾವ. ಜಾರಂಗಿಲ್ಲಲ್ಲ?" ಎಂದರು.

ನನಗೆ ತಲೆಯೆತ್ತಲು ಆಗಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ. ಅವರು ಮಗ್ಗವಿದ್ದ ಜಾಗದಲ್ಲಿ ಕೂರಲು ನೋಡಿದರು. ಮಂಡಿ ಮಡಚಲಿಲ್ಲ. ಗೋಡೆ ಹಿಡಿದು ಎದ್ದು ಹೊರಗೆ ಹೋಗಿ, ಕಟ್ಟೆಯ ಅಂಚಿನಲ್ಲಿ ಬೀದಿಯ ಕಡೆಗೆ ಕಾಲು ಇಳಿಬಿಟ್ಟು ಕೂತರು. ಆಗ ಅವರಿಗೆ ಆರಾಮವೆನಿಸಿರಬೇಕು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಅವರ ಬಲಗಾಲು ತನ್ನಷ್ಟಕ್ಕೆ ತಾನೇ ಕೆಳಗೆ ಮೇಲೆ, ಕೆಳಗೆ ಮೇಲೆ ತುಳಿಯುತ್ತಿತ್ತು.

ಎದುರುಮನೆಯ ಎಂಕಪ್ಪ ಕೇಳಿದ. "ಏನ್ರಿ ಸತ್ಯಮ್ಮಾರ, ಮಗ್ಗ ತೆಗಿಸಿಬಿಟ್ರಂತ?"

"ನಾನ ತೆಗಿಸಿದೆ" ಎಂದರು ಅತ್ತೆ.

ಇನ್ನು ನನ್ನಿಂದ ಆಗಲಿಲ್ಲ. ಫೋನ್ ತೆಗೆದುಕೊಂಡು ಹೋಗಿ ಅವರ ಪಕ್ಕದಲ್ಲೇ ಕೂತು, ಅವರಿಗೂ ಎಂಕಪ್ಪನಿಗೂ ಕೇಳಿಸುವ ಹಾಗೆ ಹೇಳಿದೆ. "ಗಂಗೀ, ನಮ್ಮತ್ತಿಯಾರು ಮುಚ್ಚಿಸು ಅಂದಿಲ್ಲ. ನಾನು ಕೇಳೇ ಇಲ್ಲ. ಕೇಳಿದ್ರ ಬ್ಯಾಡ ಅಂತಾರ ಅಂತ ಗೊತ್ತಿತ್ತು, ಅದಕ್ಕ ಅವರಿಲ್ಲದಾಗ ಮುಚ್ಚಿಸಿದೆ. ಗಂಡಗೂ ಸುಳ್ಳು ಹೇಳೀನಿ. ಅವರು ಸುಳ್ಳು ಹೇಳಿದ್ದು ನನ್ನ ಮಾನ ಕಾಯಾಕ."

ಅಳಿಸಿಬಿಡಲೇ ಎಂದು ಒಮ್ಮೆ ಅನಿಸಿತು. ಕಳಿಸಿಬಿಟ್ಟೆ.

ಆಮೇಲೆ ಒಳಗೆ ಹೋಗಿ ಕಂಡಿಕೆಯ ನೂಲು ತಂದು ಅವರ ಕಾಲ ಬಳಿ ಕೂತೆ. "ಕಾಳಪ್ಪಗ ಫೋನ್ ಮಾಡ್ತೀನ್ರಿ. ಟೈಲ್ಸ್ ಒಡೀಲಿ. ಅಳತಿ ತೊಗೋತೀನಿ" ಎಂದು ಅವರ ಮೊಣಕಾಲಿಗೆ ನೂಲು ಹಿಡಿದೆ.

ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು. "ಮುಟ್ಟಬ್ಯಾಡ."

ಇಪ್ಪತ್ತು ವರ್ಷದಲ್ಲಿ ಆ ದನಿ ನಾನು ಕೇಳಿರಲಿಲ್ಲ.

"ನಮ್ಮ ಮಾವನೋರು ಭಾಳ ಸಿಟ್ಟಿನ ಮನಷ್ಯಾ" ಎಂದರು ಬೀದಿಯ ಕಡೆ ನೋಡುತ್ತ. "ನಾನರ ಹದಿನಾರು ವರ್ಷದ ಹುಡುಗಿ. ಅಂಥವರು ಸೈತ ದಾರ ಹಿಡ್ಯಾಕ ಮುಂಚೆ ಕೇಳಿದ್ರು. 'ಅಳೀಲೇನವ್ವ?' ಅಂತ."

ನೂಲು ನನ್ನ ಕೈಯಲ್ಲೇ ಇತ್ತು. ಎಂಕಪ್ಪ ಮೆಲ್ಲಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಅಳೀಲೇನ್ರಿ ಅತ್ತಿ?" ಎಂದೆ.

ಗಂಗಿಯ ಉತ್ತರ ಬಂದ ಸದ್ದಾಯಿತು, ನಾನು ಫೋನ್ ಮುಟ್ಟಲಿಲ್ಲ. ನೂಲು ಹಿಡಿದುಕೊಂಡು, ಅವರು ಹೂಂ ಎನ್ನಲಿ ಎಂದು ಅಲ್ಲೇ ಕೂತಿದ್ದೇನೆ. ಅವರ ಬಲಗಾಲು ಇನ್ನೂ ತುಳಿಯುತ್ತಿದೆ.